ಹಿಂದಿನ ಸೀಟು ಇದ್ದದ್ದೇ ನನ್ನ ಕಾರಿನ ಅಪರಾಧವೇ?

ಹಳೆಯ ವಾಹನಗಳಲ್ಲಿ ಬದುಕತಕ್ಕದ್ದು ಯಾವುದು, ಸಾಯತಕ್ಕದ್ದು ಯಾವುದು ಎಂದು ತೀರ್ಪು ಬರೆಯುವ ಮಾನ್ಯ ತಪಾಸಣಾಧಿಕಾರಿಗಳೇ,

ಮೊದಲು ನಾನು ಯಾರೆಂದು ತಿಳಿದುಕೊಳ್ಳಿ. ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳಿ, ಆ ಕಾರು ಅಮೆರಿಕದ ಯಾವ ಕಾರ್ಖಾನೆಯಲ್ಲಿ, ಯಾವ ವರ್ಷ, ಯಾವ ವಾರ, ಊಟಕ್ಕೆ ಮುಂಚೆ ಜೋಡಣೆಯಾಯಿತೋ ಊಟವಾದ ಮೇಲೋ ಎಂದು ಹೇಳಬಲ್ಲ ಮನುಷ್ಯ ಇಡೀ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನೇ ಈ ಪತ್ರ ಬರೆಯುತ್ತಿದ್ದಾನೆ. ಅಂಥವನ ಬಿಸಿನೆಸ್ ಕೂಪೆ ಕಾರನ್ನು ತಾವು ಹನ್ನೆರಡೇ ನಿಮಿಷದಲ್ಲಿ ನೋಡಿ ಮುಗಿಸಿ, ಪಾರಂಪರಿಕ ವಾಹನವೆಂಬ ಪ್ರಮಾಣಪತ್ರವನ್ನು ನಿರಾಕರಿಸಿ, ಈ ತಿಂಗಳ ಕೊನೆಯೊಳಗೆ ಗುಜರಿಗೆ ಹಾಕತಕ್ಕದ್ದು ಎಂದು ಗಾಜಿಗೆ ಹಾಳೆ ಅಂಟಿಸಿ ಹೋದಿರಿ. ಅದೇ ದಿನ, ಅದೇ ಅಂಗಳದಲ್ಲಿ, ಅದೇ ಪೆನ್ನಿನಿಂದ ನನ್ನ ಷಡ್ಡಕನ ಕಾರಿಗೆ ಪ್ರಮಾಣಪತ್ರ ಬರೆದುಕೊಟ್ಟಿರಿ. ನನ್ನ ಕಾರು ಸಾಯುವುದನ್ನು ಹೇಗೋ ಸಹಿಸಿಕೊಂಡೇನು. ಅವನದು ಬದುಕುವುದನ್ನು ಹೇಗೆ ಸಹಿಸಲಿ?

ಇದು ಬಹಿರಂಗ ಪತ್ರವಾದ್ದರಿಂದ ಓದುಗರಿಗೆ ಬಿಸಿನೆಸ್ ಕೂಪೆ ಎಂದರೇನೆಂದು ಹೇಳಿಬಿಡುತ್ತೇನೆ. ತಮಗೆ ಗೊತ್ತೇ ಇದೆ, ಅದೇ ನನ್ನ ದುರದೃಷ್ಟ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಊರೂರು ತಿರುಗಿ ಸರಕು ಮಾರುವವರಿಗೆಂದೇ ಮಾಡಿದ ಕಾರು ಅದು. ಮುಂದೆ ಒಂದೇ ಉದ್ದನೆಯ ಸೀಟು. ಹಿಂದೆ ಸೀಟೇ ಇಲ್ಲ. ಮಾದರಿಯ ಪೆಟ್ಟಿಗೆಗಳನ್ನು ಇಡಲು ಒಂದು ಹಲಗೆ, ಅದರಾಚೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದದ ಡಿಕ್ಕಿ. ಅಗ್ಗವಾಗಲೆಂದು ಕಂಪನಿ ಏನೇನನ್ನು ಕೈಬಿಡಬಹುದೋ ಎಲ್ಲವನ್ನೂ ಕೈಬಿಟ್ಟಿತ್ತು. ವೈಪರ್ ಒಂದೇ, ಹಿಂದಿನ ಕೆಂಪು ದೀಪ ಒಂದೇ, ಕಣ್ಣಿಗೆ ಬಿಸಿಲು ಬೀಳದ ಹಾಗೆ ಇಳಿಬಿಡುವ ಮರೆಯೂ ಓಡಿಸುವವನಿಗೆ ಮಾತ್ರ. ಪಕ್ಕದಲ್ಲಿ ಕೂತವನು ಕಣ್ಣು ಕಿರಿದು ಮಾಡಿಕೊಂಡೇ ಕೂರಬೇಕು.

ಒಂದು ಔಷಧದ ಕಂಪನಿಯ ಗೋದಾಮು ಖಾಲಿ ಮಾಡುವಾಗ ಇಂಥ ಎರಡು ಕಾರುಗಳು ಒಂದೇ ಟಾರ್ಪಾಲಿನಡಿ ಅಕ್ಕಪಕ್ಕ ಸಿಕ್ಕವು. ಒಂದನ್ನು ನಾನು ಕೊಂಡೆ, ಇನ್ನೊಂದನ್ನು ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಆತನದು ಕನ್ನಡಕದ ಅಂಗಡಿ. ಊರಿಗೆಲ್ಲ ದೃಷ್ಟಿ ಕೊಡುವವನಿಗೆ ಎಂಜಿನ್ ಎಣ್ಣೆ ಎಷ್ಟಿದೆಯೆಂದು ನೋಡುವ ಕಡ್ಡಿ ಎಲ್ಲಿದೆಯೆಂಬುದು ಮೂರು ದಿನ ಕಾಣಲಿಲ್ಲ. ಹೊಳೆಯುತ್ತಿದ್ದ ಕಾರನ್ನು ಹಿರಿಯನ ಹಕ್ಕಿನಿಂದ ನಾನು ಹಿಡಿದುಕೊಂಡೆ. ಬೂದಿ ಬಳಿದಂತಿದ್ದದ್ದನ್ನು ಅವನಿಗೆ ಬಿಟ್ಟೆ. ಆರು ವೋಲ್ಟಿನ ಬ್ಯಾಟರಿಯ ಪ್ಲಸ್ ತುದಿ ಚಾಸಿಗೆ, ಅಂದರೆ ಕಾರಿನ ಚೌಕಟ್ಟಿಗೆ, ಹೋಗಬೇಕೆಂದು ತಿಳಿಯದೆ ಅವನು ತಿರುಗಾಮುರುಗಾ ಜೋಡಿಸಿ ಹೊಗೆ ಎಬ್ಬಿಸಿದಾಗ, ಓಡಿಹೋಗಿ ಕಿತ್ತು ಕಾರು ಉಳಿಸಿದವನು ಯಾರು? ಆ ಉಪಕಾರವನ್ನು ತಮ್ಮ ಪ್ರಮಾಣಪತ್ರದ ಯಾವ ಮೂಲೆಯಲ್ಲಾದರೂ ನಮೂದಿಸಿದ್ದೀರಾ?

ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೇ ಇಯತ್ತೆಯವರೆಗೆ. ಆಮೇಲೆ ನಲವತ್ತೊಂದು ವರ್ಷ ಕುಶನ್ ಅಂಗಡಿ. ಸೋಫಾ, ಬಸ್ಸಿನ ಸೀಟು, ದಂತವೈದ್ಯರ ಕುರ್ಚಿ, ಎಲ್ಲಕ್ಕೂ ಸ್ಪ್ರಿಂಗ್ ಕಟ್ಟಿ ರೆಕ್ಸಿನ್ ಎಳೆದ ಕೈ ಇದು. ಅಂಥವನೆದುರು ಮೂರಡಿ ಅಗಲದ ಖಾಲಿ ಜಾಗವನ್ನಿಟ್ಟು ಸುಮ್ಮನಿರು ಎಂದರೆ ಹೇಗಿರಲಿ? ಮೇಲಾಗಿ ಕಾರು ಮನೆಗೆ ಬಂದ ದಿನವೇ ನನ್ನ ಹೆಂಡತಿ ಬಾಗಿಲು ತೆಗೆದು ಇಣುಕಿ ಕೇಳಿದ್ದಳು:

“ಏನ್ರೀ ಇದು, ಅರ್ಧ ಕಾರು ತಂದಿದ್ದೀರಾ? ಮೊಮ್ಮಕ್ಕಳನ್ನ ಡಿಕ್ಕೀಲಿ ಕೂರಿಸ್ಲಾ?”

ಸರಿ, ಹಲಗೆ ಕಿತ್ತೆ. ಅದರ ಹಿಂದಿದ್ದ ಕಬ್ಬಿಣದ ಅಡ್ಡಪಟ್ಟಿ ಸೀಟಿಗೆ ಅಡ್ಡ ಬಂತು, ಕೊಯ್ಸಿದೆ. ಜೇನುಬಣ್ಣದ ಚರ್ಮದಲ್ಲಿ, ಎರಡೆರಡು ಹೊಲಿಗೆ ಹಾಕಿ, ನನ್ನ ಜೀವಮಾನದಲ್ಲೇ ಅಷ್ಟು ಚೆಂದದ ಸೀಟು ಮಾಡಿರಲಿಲ್ಲ. ಕೈ ಒಮ್ಮೆ ಓಡಿದ ಮೇಲೆ ನಿಲ್ಲುವುದುಂಟೇ? ಎರಡನೇ ವೈಪರ್, ಎರಡನೇ ಕೆಂಪು ದೀಪ, ಎರಡನೇ ಬಿಸಿಲುಮರೆ, ಮುಖ ಕಾಣುವಂಥ ಬಣ್ಣ. ಅತ್ತ ಷಡ್ಡಕನ ಕಾರಿನ ಹಲಗೆಯನ್ನು ಗೆದ್ದಲು ತಿಂದು ಹಾಕಿತ್ತು. ಅವನು ಬಂದು, “ಭಾವ, ನಿಮ್ಮ ಹಳೇ ಹಲಗೆ ಬೇಡ ಅಂದ್ರೆ ನಂಗೆ ಕೊಡ್ತೀರಾ?” ಎಂದ.

“ಒಲೆಗೆ ಹಾಕೋಕಾ?” ಎಂದೆ.

“ಇಲ್ಲ ಭಾವ, ಸುಮ್ನೆ ಇರ್ಲಿ ಅಂತ.”

ಧಾರಾಳವಾಗಿ ಕೊಟ್ಟೆ. ಕೊಡುವಾಗ ನಕ್ಕೆ ಕೂಡ. ಆ ನಗುವನ್ನು ಈಗ ವಾಪಸು ಪಡೆಯುವ ನಿಯಮ ತಮ್ಮ ಕಚೇರಿಯಲ್ಲಿ ಏನಾದರೂ ಇದೆಯೇ?

ತಪಾಸಣೆಯ ದಿನ ತಾವು ಹಿಡಿದಿದ್ದ ನಮೂನೆ ನನಗೆ ಬಾಯಿಪಾಠವಾಗಿದೆ. ಲೋಕದಲ್ಲಿ ಎಲ್ಲ ಕಡೆಯೂ ಏನೋ ಇಲ್ಲವೆಂದು ಫೇಲು ಮಾಡುತ್ತಾರೆ. ತಾವೊಬ್ಬರೇ ಇದೆಯೆಂದು ಫೇಲು ಮಾಡಿದವರು. “ಹಿಂಬದಿ ಆಸನ: ಇರಬಾರದು, ಇದೆ. ಎರಡನೇ ವೈಪರ್: ಇರಬಾರದು, ಇದೆ. ಪಕ್ಕದವರ ಬಿಸಿಲುಮರೆ: ಇರಬಾರದು, ಇದೆ.” ಷಡ್ಡಕನ ಹಾಳೆಯಲ್ಲಿ ಮೇಲಿನಿಂದ ಕೆಳಗಿನವರೆಗೆ “ಇಲ್ಲ, ಇಲ್ಲ, ಇಲ್ಲ.” ಏನೂ ಮಾಡದೆ ಇದ್ದುದಕ್ಕೆ ಪೂರ್ತಿ ಅಂಕ ಪಡೆದವನನ್ನು ನಾನು ಅವತ್ತೇ ಮೊದಲು ನೋಡಿದ್ದು. ಕೊನೆಗೆ ತಾವು ಆ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ನನ್ನ ಕಡೆ ತಿರುಗಿ ಹೇಳಿದಿರಿ: “ನೋಡಿ ಯಜಮಾನ್ರೇ, ಇದು ಅಸಲಿ ಅಂದ್ರೆ. ನೋಡಿ ಕಲೀರಿ.”

ಸ್ವಾಮಿ, ಅದು ನನ್ನ ಹಲಗೆ! ಹೇಳಲು ಬಾಯಿ ತೆರೆದೆ. ಷಡ್ಡಕ ನೆಲ ನೋಡಿದ. ಹೇಳಿದ್ದರೆ ಅವನ ಅಂಕ ಹೋಗುತ್ತಿತ್ತು, ನನ್ನದು ಬರುತ್ತಿರಲಿಲ್ಲ. ನನ್ನ ದಡ್ಡತನ ಮಾತ್ರ ಮೂರು ಜನರಿಗೆ ಹೆಚ್ಚು ಗೊತ್ತಾಗುತ್ತಿತ್ತು.

ತಮ್ಮ ಮೂಗಿನ ಮೇಲಿರುವ ಕನ್ನಡಕ ಯಾವ ಅಂಗಡಿಯದು ಎಂಬ ಪ್ರಶ್ನೆಯನ್ನೂ ಈ ಪತ್ರದಲ್ಲಿ ಎತ್ತಬೇಕೆಂದಿದ್ದೆ. ವಿಚಾರಿಸಲಾಗಿ ಅದು ಅವನ ಅಂಗಡಿಯದಲ್ಲ, ತಮ್ಮ ಅಣ್ಣನವರದೇ ಹಳೆಯದು ಎಂದು ತಿಳಿಯಿತು. ಹಾಗಾಗಿ ಆ ಪ್ರಶ್ನೆ ಎತ್ತುತ್ತಿಲ್ಲ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಆ ಬೂದಿಬಣ್ಣದ ಕಾರು ಹಾದುಹೋಗುತ್ತದೆ. ನಮ್ಮ ಬೀದಿ ಅವನ ದಾರಿಯೇ ಅಲ್ಲ. ಮುಂದಿನ ಸೀಟಿನಲ್ಲಿ ಗಂಡಹೆಂಡತಿ ಇಬ್ಬರೇ, ಮಧ್ಯೆ ಇನ್ನೊಬ್ಬರು ಕೂರುವಷ್ಟು ಜಾಗ ಖಾಲಿ. “ತಂಗಿ ಕೈ ಬೀಸ್ತಿದ್ದಾಳೆ, ನೀವೂ ಸ್ವಲ್ಪ ಬೀಸ್ರಿ” ಎನ್ನುತ್ತಾಳೆ ನನ್ನವಳು. ಬೀಸುತ್ತೇನೆ. ಒಳಗೆ ಹಲ್ಲು ಕಡಿಯುತ್ತಿರುತ್ತೇನೆ. ಹಿಂದೆ ಶೆಡ್ಡಿನಲ್ಲಿ ನನ್ನ ಕಾರು ಗಾಜಿಗೆ ತಮ್ಮ ಹಾಳೆ ಅಂಟಿಸಿಕೊಂಡು ನಿಂತಿದೆ. ಅದರ ಹಿಂದಿನ ಸೀಟಿನಲ್ಲಿ ಈವರೆಗೆ ಕೂತವರು ಒಬ್ಬರೇ, ನನ್ನ ಹೆಂಡತಿ. ಕೂತ ಕೂಡಲೇ, “ಮೊಣಕಾಲು ಗಲ್ಲಕ್ಕೆ ತಾಗತ್ತೆ ರೀ, ತಲೆಗೆ ತಗಡು ಬಡಿಯತ್ತೆ” ಎಂದು ಇಳಿದುಬಿಟ್ಟಳು. ಮೊಮ್ಮಕ್ಕಳಿಗೆ ಮುಂದಿನ ಸೀಟೇ ಬೇಕಂತೆ.

ಹೋದ ವಾರ ಷಡ್ಡಕ ಬಂದಿದ್ದ. ಬಾಗಿಲಲ್ಲೇ ನಿಂತು, “ಭಾವ, ಹಲಗೆ ಬಿಚ್ಚಿ ತಂದಿದ್ದೀನಿ. ನಂದು ಹೇಗೂ ಪಾಸಾಯ್ತಲ್ಲ. ನಿಮ್ಮದಕ್ಕೆ ಹಾಕ್ಕೊಳ್ಳಿ” ಎಂದ. ಬೈದು ಕಳಿಸಿದೆ. ನನ್ನ ಹಲಗೆಯನ್ನು ಅವನ ದಯೆಯಿಂದ ನಾನು ಪಡೆಯಬೇಕೇ? ಸಂಜೆ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: “ಅವನು ಗೆಲ್ಬಾರ್ದು ಅಂತ ಕಾರನ್ನೇ ಸಾಯಿಸ್ತೀರಲ್ರೀ.” ಅದಕ್ಕೆ ಉತ್ತರ ಹುಡುಕುತ್ತ ಮೂರು ದಿನ ಶೆಡ್ಡಿನಲ್ಲಿ ಕೂತೆ. ಉತ್ತರ ಸಿಗಲಿಲ್ಲ, ಸ್ಪ್ಯಾನರ್ ಸಿಕ್ಕಿತು. ಸೀಟಿನ ನಾಲ್ಕು ಬೋಲ್ಟುಗಳಲ್ಲಿ ಮೂರನ್ನು ಬಿಚ್ಚಿದ್ದೇನೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಷಡ್ಡಕನ ಪ್ರಮಾಣಪತ್ರ ರದ್ದು ಮಾಡಬೇಕೆಂದು ಮೊದಲ ಪ್ರತಿಯಲ್ಲಿ ಬರೆದಿದ್ದೆ, ಮನೆಯವರು ಹೊಡೆದುಹಾಕಿದ್ದಾರೆ. ಗುಜರಿಯ ಆದೇಶವನ್ನು ಎರಡು ತಿಂಗಳು ತಡೆಹಿಡಿಯಿರಿ. ಕೊಯ್ದ ಅಡ್ಡಪಟ್ಟಿಗೆ ಬೆಸುಗೆ ಹಾಕಿಸಿ, ಹೆಚ್ಚಿರುವುದನ್ನೆಲ್ಲ ಕಿತ್ತು, ಬಡಗಿಯ ಕೈಯಲ್ಲಿ ಅದೇ ಅಳತೆಯ ಹೊಸ ಹಲಗೆ ಮಾಡಿಸಿ ತರುತ್ತೇನೆ. ಅದನ್ನು ಹೊಸದೆಂದೇ ಬರೆದುಕೊಳ್ಳಿ, ಅರ್ಧ ಅಂಕವನ್ನೇ ಕೊಡಿ. ಒಂದು ಹಲಗೆಗಾಗಿ ಇಡೀ ಕಾರನ್ನು ಮಾತ್ರ ಕೊಲ್ಲಬೇಡಿ. ತಪ್ಪು ಮಾಡಿದ್ದು ಅದಲ್ಲ, ಅದರ ಯಜಮಾನ.

ಮರುಪರಿಶೀಲನೆಯ ಅರ್ಜಿಯಲ್ಲಿ “ಅರ್ಜಿದಾರರಿಗಾದ ನಷ್ಟ” ಎಂಬ ಅಂಕಣವಿದೆ. ನಲವತ್ತು ಲಕ್ಷ ಎಂದು ಬರೆದೆ, ಹೊಡೆದುಹಾಕಿದೆ. ಹನ್ನೆರಡು ಎಂದೆ, ಅದನ್ನೂ ಹೊಡೆದೆ. ಚರ್ಮ, ಬಣ್ಣ, ಎರಡನೇ ವೈಪರ್, ಎರಡನೇ ದೀಪ, ಎರಡನೇ ಬಿಸಿಲುಮರೆ, ಕೊಯ್ಸಿದ್ದು, ಎಲ್ಲ ಸೇರಿ ಎರಡು ಲಕ್ಷ ಹದಿನಾರು ಸಾವಿರದ ಐನೂರು. ಇದರಲ್ಲಿ ಒಂದು ಕಾಸೂ ಕಾರಿಗೆಂದು ಖರ್ಚಾದದ್ದಲ್ಲ. ಅಷ್ಟೂ ಅವನ ಕಾರಿಗಿಂತ ಒಂದು ಕೈ ಮೇಲಿರಲಿ ಎಂದು ಖರ್ಚಾದದ್ದು.

ಇಂತಿ,
ನಾಲ್ಕನೇ ಬೋಲ್ಟು ಬಿಚ್ಚಲು ಇನ್ನೂ ಮನಸ್ಸು ಬಾರದೆ ಕೂತಿರುವ,
ಕುಶನ್ ಅಂಗಡಿಯವನು