ಅಜ್ಜಿಯ ಗುರುವಾರ

ಒಸು, ಆಕ್ರಾ
೧೪ ಜೂನ್ ೨೦೨೫, ಶನಿವಾರ

ಮುದ್ದಿನ ತಂಗೀ ಅಬೆನಾ,

ಹೇಗಿದ್ದೀಯೆ? ಹೆರಿಗೆಯ ಸುಸ್ತು ಇಳಿಯಿತೇ? ಕೂಸು ಹಾಲು ಕುಡಿಯುತ್ತಿದೆಯೇ? ವ್ಯಾಂಕೂವರಿನ ಸಪ್ಪೆ ಸೂಪು ಕುಡಿದು ಸೊರಗಬೇಡ. ನಾಳೆ ವಿಮಾನ ಹತ್ತುವ ಸೆರ್ವಾ ಚಿಕ್ಕಮ್ಮನ ಚೀಲದಲ್ಲಿ ಈ ಕಾಗದದ ಜೊತೆ ಎರಡು ಬಾಟಲಿ ಖಾರದ ಶಿತೊ ಚಟ್ನಿ ಬರುತ್ತಿದೆ. ಅಜ್ಜಿಯ ಸಡಗರವನ್ನಂತೂ ಕೇಳಲೇಬೇಡ. ಗುರುವಾರ ನಸುಕಿನಲ್ಲಿ ನಿನ್ನ ಗಂಡನ ಫೋನು ಬಂದದ್ದೇ ತಡ, "ಗುರುವಾರದ ಕೂಸು! ನನ್ನ ಹಾಗೇ ಇದರ ಹೆಸರೂ ಯಾ!" ಎಂದು ಓಣಿಗೆಲ್ಲ ಸಾರಿಬಿಟ್ಟಳು.

ಈಗ ಸುದ್ದಿ ಕೇಳು! ಡೇಟಾಬೇಸಿನ ಸಾಲುಗಳನ್ನು ಕೋಡಿನ ವಸ್ತುಗಳಾಗಿ ಮಾಡಿಕೊಡುವ ನಮ್ಮ ಲೈಬ್ರರಿ ಇದೆಯಲ್ಲ, ಅದರ ದಿನಾಂಕದ ಪ್ರಶ್ನೆಗಳನ್ನು ಪರೀಕ್ಷಿಸುವ ಕೆಲಸ ನನ್ನದು. "ಬುಧವಾರ ಹುಟ್ಟಿದವರನ್ನು ಕೊಡು" ಎಂದರೆ ಅವರೇ ಬರಬೇಕು. ನಮ್ಮ ಹೆಸರುಗಳಲ್ಲೇ ಹುಟ್ಟಿದ ವಾರ ಇರುವುದರಿಂದ ಮನೆಯವರನ್ನೇ ಅದಕ್ಕೆ ತುಂಬಿಸಿದೆ. ಮಂಗಳವಾರದ ಅಬೆನಾ ನೀನು, ಬುಧವಾರದ ಕ್ವಾಕು ನಾನು, ಹೀಗೆ ಮೂವತ್ತೊಂಬತ್ತು ಜನವೂ ಸರಿಯಾಗಿ ಬಂದರು. ನಿನ್ನೆ ನಿನ್ನ ಮಗಳನ್ನೂ ಸೇರಿಸಿದೆ: ಆಸ್ಪತ್ರೆ ಚೀಟಿಯಲ್ಲಿದ್ದ ಹಾಗೆ ಜೂನ್ ಹನ್ನೊಂದು, ಸಂಜೆ ಎಂಟೂ ಹತ್ತು, ವ್ಯಾಂಕೂವರ್ ಗಡಿಯಾರ. ಪರೀಕ್ಷೆ ಕೆಂಪು, ಅಂದರೆ ಫೇಲ್! ಗುರುವಾರದವರಲ್ಲಿ ಕೂಸೇ ಇಲ್ಲ!

ಮಧ್ಯಾಹ್ನದವರೆಗೂ ಕೋಡನ್ನು ಬೈದದ್ದೇ ಬೈದದ್ದು. ಕೊನೆಗೆ ಪಕ್ಕದ ಮೇಜಿನ ಮಾವುಲಿ ಇಣುಕಿ ನೋಡಿ ನಕ್ಕ. "ಕೋಡ್ ಸರಿಯಾಗೇ ಇದೆ ಕಣೋ, ತಪ್ಪಿರೋದು ನಿಮ್ಮಜ್ಜಿ!" ನಮ್ಮ ಆಕ್ರಾದ ಗಡಿಯಾರವೇ ಜಗತ್ತಿನ ಸೊನ್ನೆ ಗಡಿಯಾರ ನೋಡು, ಕೂಡುವುದೂ ಇಲ್ಲ ಕಳೆಯುವುದೂ ಇಲ್ಲ, ಬೇರೆ ಊರಿಗೆ ಬೇರೆ ಹೊತ್ತು ಎಂಬುದೇ ನಮಗೆ ಮರೆತುಹೋಗುತ್ತದೆ. ಇಲ್ಲಿ ಗುರುವಾರ ಮೂಡುವಾಗ ನಿಮ್ಮಲ್ಲಿ ಬುಧವಾರದ ಬಿಸಿಲೇ ಇಳಿದಿರಲಿಲ್ಲ. ನಿನ್ನ ಮಗಳು ಯಾ ಅಲ್ಲ, ಅಕುವಾ! ನನ್ನ ವಾರದವಳು! ಸೋದರಮಾವ ಆಫೀಸಿನಲ್ಲೇ ಕುಣಿದುಬಿಟ್ಟ.

ಆಮೇಲೆ ಅಜ್ಜಿಯ ನೆನಪಾಯಿತು. ನಿನಗಿದು ಗೊತ್ತಿತ್ತು, ಅಲ್ಲವೇ ಕಳ್ಳೀ? ಮುದುಕಿಯ ಸಂತೋಷ ಕೆಡದಿರಲಿ ಎಂದು ನೀನು ಬಾಯಿ ಮುಚ್ಚಿಕೊಂಡೆ. ಆದರೆ ಎಂಟನೆಯ ದಿನದ ನಾಮಕರಣದಲ್ಲಿ ತಪ್ಪು ಹೆಸರು ಕರೆದರೆ ಕೂಸು ಬದುಕಿಡೀ ತನ್ನದಲ್ಲದ ವಾರ ಹೊತ್ತು ತಿರುಗಬೇಕು. ಈಗಲೇ ಹೋಗಿ ಅಜ್ಜಿಗೆ ಹೇಳುತ್ತೇನೆ. ಬೈಸಿಕೊಳ್ಳುವುದು ನನಗೇನು ಹೊಸದೇ?

ನಿನ್ನ ಗಂಡನಿಗೆ ನನ್ನ ನೆನಪು ಹೇಳು. ಕೂಸಿನ ಅಂಗಾಲಿಗೆ ಮಾವನದೊಂದು ಮುತ್ತು.

ನಿನ್ನ ಅಣ್ಣ,
ಕ್ವಾಕು

ತಾ.ಕ.: ಹೇಳಿದೆ! ಅಜ್ಜಿ ಬೆರಳು ಮಡಿಸಿ ವಾರಗಳನ್ನು ಎಣಿಸಿದಳು. ಆಮೇಲೆ ಗದರಿದಳು: "ಕೂಸು ಎಲ್ಲಿ ಕಣ್ಣು ಬಿಡ್ತೋ ಅಲ್ಲಿನ ವಾರಾನೇ ಅದರದ್ದು. ನಾನು ಹುಟ್ಟಿದಾಗ ಯಾರಾದ್ರೂ ವ್ಯಾಂಕೂವರ್‌ನ ಕೇಳಿದ್ರಾ?" ಆದ್ದರಿಂದ ನಾಮಕರಣ ಗುರುವಾರವಲ್ಲ, ಬುಧವಾರ. ಇಷ್ಟು ವರ್ಷ ಯಾವ ಮೊಮ್ಮಗಳಿಗೂ ಕೊಡದೆ ಇಟ್ಟುಕೊಂಡಿದ್ದ, ವಾರದ ಹೆಸರಿನ ಜೊತೆಗಿರುವ ತನ್ನ ಸ್ವಂತ ಹೆಸರನ್ನು ಅಜ್ಜಿ ನಿನ್ನ ಮಗಳಿಗೆ ಕಳಿಸಿದ್ದಾಳೆ. ಗಂಡನನ್ನು ಒಪ್ಪಿಸುವುದು ನಿನ್ನ ಕೆಲಸ. ಗಟ್ಟಿಯಾಗಿ ಕರೆಯಿರಿ, ಫೋನಿನಲ್ಲಿ ಅವಳಿಗೆ ಕೇಳಿಸಬೇಕಂತೆ: ಅಕುವಾ ಫ್ರೆಮಾ.