ನವೆಂಬರ್ ಮೂರರ ತನಕ

ರವೀಂದ್ರನಗರ, ಶಿವಮೊಗ್ಗ
ಆಗಸ್ಟ್ ಏಳು, ೨೦೦೭

ಪ್ರೀತಿಯ ಅಪ್ಪಾಜಿ,

ತಿಂಗಳನ್ನೂ ದಿನವನ್ನೂ ಅಕ್ಷರದಲ್ಲೇ ಬರೆದಿದ್ದೇನೆ, ನೋಡಿದಿರಾ? ಅಂಕಿಗಳ ಮೇಲೆ ನನಗೀಗ ನಂಬಿಕೆ ಹೋಗಿದೆ. ನೀವು ಮಣ್ಣು ಸೇರಿ ಐದು ತಿಂಗಳಾಗುತ್ತ ಬಂತು. ಆದರೂ ಭದ್ರಾವತಿಯ ನಿಮ್ಮ ನಿವೃತ್ತರ ಸಂಘದಿಂದ ಜನ್ನಾಪುರದ ಮನೆಗೆ ಪ್ರತಿ ತಿಂಗಳೂ ಕಾರ್ಡು ಬರುತ್ತಿತ್ತು: 'ಶ್ರೀ ಷಡಕ್ಷರಪ್ಪನವರೇ, ಭಾನುವಾರದ ಸಭೆಗೆ ತಪ್ಪದೆ ಬನ್ನಿ.'

ಅಮ್ಮ ನನಗೆ ಹೇಳಿರಲೇ ಇಲ್ಲ. ಕಳೆದ ವಾರ ಮನೆಗೆ ಹೋದರೆ ಊಟಕ್ಕೆ ಮೂರು ತಟ್ಟೆ ಹಾಕಿದ್ದಳು. "ಸಂಘದವ್ರಿಗೇ ಗೊತ್ತು, ಅವ್ರಿನ್ನೂ ಇದಾರೆ ಅಂತ. ನಿಂಗ್ಯಾಕೆ ಅನುಮಾನ?" ಎಂದಳು.

ತಪ್ಪು ನನ್ನದೇ. ಶಂಕರಘಟ್ಟದಲ್ಲಿ ಓದುವಾಗ ನಿಮ್ಮ ಒತ್ತಾಯಕ್ಕೆ ಸಂಘದ ರಿಜಿಸ್ಟರಿನಿಂದ ಬದುಕಿರುವವರನ್ನು ಆರಿಸಿ ಕಾರ್ಡು ತೆಗೆಯಲು ಕಂಪ್ಯೂಟರಿಗೊಂದು ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟೆನಲ್ಲ, ಅದರದೇ ಕಿತಾಪತಿ. ನೀವೆಲ್ಲ ದಿನ ಮೊದಲು, ತಿಂಗಳು ಆಮೇಲೆ ಬರೆಯುವವರು. ನಾನೋ ಪುಸ್ತಕದ ಉದಾಹರಣೆಯನ್ನು ಹಾಗೇ ಇಳಿಸಿ, ತಿಂಗಳನ್ನೇ ಮೊದಲು ಓದುವಂತೆ ಮಾಡಿದ್ದೆ. ೨೦-೫ ಎಂದಿದ್ದರೆ ಇಪ್ಪತ್ತನೆಯ ತಿಂಗಳು ಎಲ್ಲೂ ಇಲ್ಲವಲ್ಲ, ಅಂಥ ಕಡೆ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಅಷ್ಟಕ್ಕೆ ಮಾತ್ರ ತೇಪೆ ಹಾಕಿ ಜಾಣೆ ಎನಿಸಿಕೊಂಡೆ. ದಿನವೂ ಹನ್ನೆರಡರೊಳಗಿದ್ದು, ತಕರಾರು ಮಾಡದೆ ತಪ್ಪಾಗುವ ತಾರೀಖುಗಳನ್ನು ನೋಡಲೇ ಇಲ್ಲ. ನೀವು ಹೋದದ್ದು ೧೧-೩, ಮಾರ್ಚ್ ಹನ್ನೊಂದು. ಅದು ಓದಿಕೊಂಡದ್ದು ನವೆಂಬರ್ ಮೂರು. ಆ ದಿನ ಬರುವ ತನಕ ಅದರ ಪಟ್ಟಿಯಲ್ಲಿ ನೀವು ಬದುಕಿರುವವರು.

ಇದನ್ನೆಲ್ಲ ಬಿಡಿಸಿ ಹೇಳಿದೆ. ಅಮ್ಮ ಅಳಲಿಲ್ಲ. "ಹಾಗಾದ್ರೆ ನವೆಂಬರ್ ಮೂರರ ತನಕ ಬಿಡೇ ಮಾರಾಯ್ತಿ" ಎಂದಳು. ನನಗೂ ಬಿಡಬೇಕೆನಿಸಿತು ಅಪ್ಪಾಜಿ. ನಿಮ್ಮನ್ನು ಕೈಯಾರೆ ಇನ್ನೊಮ್ಮೆ ಹೇಗೆ ಕಳಿಸಲಿ?

ಆದರೆ ಮೊನ್ನೆ ಭಾನುವಾರ ನಾನೂ ಸಂಘದ ಸಭೆಗೆ ಹೋಗಿದ್ದೆ. ಅಲ್ಲಿಗೆ ಪಕ್ಕದ ಬೀದಿಯ ತುಂಗಮ್ಮ ತೀರಿಹೋದ ಗಂಡನ ಹೆಸರಿನ ಕಾರ್ಡು ಹಿಡಿದು ಬಂದಿದ್ದರು. ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ಆ ಖಾಲಿ ಕುರ್ಚಿಯತ್ತ ತಿರುಗಿ ಏನೋ ಹೇಳುತ್ತಿದ್ದರು, ನಡುವೆ ನಿಲ್ಲಿಸಿ, ಉತ್ತರ ಕೇಳಿಸಿಕೊಂಡವರಂತೆ ತಲೆಯಾಡಿಸುತ್ತಿದ್ದರು. ಊಟ ಬಿಟ್ಟು ವಾರವಾಯಿತಂತೆ. "ಬರೋ ತಿಂಗ್ಳು ಒಂದಕ್ಕೆ ಇವ್ರ ಜತೆ ನಾನೂ ಹೊರಡ್ತೀನಿ ಕಣಮ್ಮ" ಎಂದು ನಕ್ಕರು.

ಸಭೆ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ನೋಡಿದೆ. ಅವರ ಯಜಮಾನರು ಕಲ್ಲಪ್ಪನವರು ಹೋದದ್ದು ಜನವರಿ ಒಂಬತ್ತು. ಪ್ರೋಗ್ರಾಂ ಓದಿಕೊಂಡದ್ದು ಸೆಪ್ಟೆಂಬರ್ ಒಂದು, ತುಂಗಮ್ಮ ಹೇಳಿದ ಅದೇ ದಿನ. ಆ ತಾರೀಖು ಯಂತ್ರದೊಳಗೆ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ನವೆಂಬರ್ ಮೂರಕ್ಕೆ ಅಮ್ಮನೂ ಹೊರಟುಬಿಟ್ಟರೆ?

ನಿನ್ನೆ ಬೆಳಿಗ್ಗೆ ಸಂಘದ ಕೋಣೆಗೆ ಹೋಗಿ ಆ ಒಂದು ಸಾಲು ತಿದ್ದಿದೆ. ದಿನ ಮೊದಲು, ತಿಂಗಳು ಆಮೇಲೆ. ಪಟ್ಟಿಯಿಂದ ಕಲ್ಲಪ್ಪನವರ ಹೆಸರು ಹೋಯಿತು, ನಿಮ್ಮದೂ ಹೋಯಿತು. ನಾನು ಏಳುವಷ್ಟರಲ್ಲಿ ಮನೆಯಿಂದ ಫೋನು. ತಿದ್ದಲು ಬಂದಿದ್ದೇನೆಂದು ಅಮ್ಮನಿಗೆ ಹೇಳಿರಲಿಲ್ಲ.

"ಶೀತಲ್, ಅಪ್ಪಾಜಿ ಈಗಷ್ಟೇ ಚಪ್ಪಲಿ ಹಾಕ್ಕೊಂಡು ಹೊರಟ್ರು ಕಣೇ. ಊಟ ಆದ್ರೂ ಮಾಡಿ ಅಂದೆ. 'ಮಗಳು ಕಳಿಸ್ತಿದಾಳೆ' ಅಂದ್ರು."

ಅಪ್ಪಾಜಿ, ಹೊರಟವರಿಗೆ 'ಹೋಗಿ ಬನ್ನಿ' ಎನ್ನುವುದನ್ನು ನೀವೇ ಕಲಿಸಿದ್ದು. ಇವತ್ತು 'ಹೋಗಿ' ಎಂದಷ್ಟೇ ಬರೆಯುತ್ತಿದ್ದೇನೆ. ಕ್ಷಮಿಸಿ.

ನಿಮ್ಮ ಮಗಳು,
ಶೀತಲ್