ಜೀರುಂಡೆಯ ನಕ್ಷೆ

ಭಾನುವಾರ, ಮಧ್ಯಾಹ್ನ

ಅಮ್ಮಾ,

ನಾನು ಚೆನ್ನಾಗಿದ್ದೇನೆ, ಕೆಲಸವೂ ಇದೆ. ಈ ಎರಡನ್ನೂ ಮೊದಲೇ ಬರೆದುಬಿಡುತ್ತೇನೆ. ಲಕೋಟೆ ಸ್ವಲ್ಪ ದಪ್ಪಗಿದ್ದರೆ ಸಾಕು, ನಿನ್ನ ಎದೆ ಹೊಡೆದುಕೊಳ್ಳುತ್ತದೆ.

ಹೋದ ಸಲ ಫೋನಿನಲ್ಲಿ, "ನೀನು ಮಾಡೋ ಕೆಲಸ ಏನು ಅಂತ ಪಕ್ಕದ ಮನೆಯವರಿಗೆ ಹೇಳೋಕೇ ಬರಲ್ಲ ಕಣೇ" ಎಂದೆಯಲ್ಲ, ಹೀಗೆ ಹೇಳು. ನೀನು ಅಂಗಿ ಹೊಲಿಯುವಾಗ ತೋಳು ಬೇರೆ, ಕಾಲರ್ ಬೇರೆ, ಬೆನ್ನು ಬೇರೆ ಕತ್ತರಿಸಿಕೊಳ್ಳುತ್ತೀಯ. ನಮ್ಮ ಸಿಂಥಸೈಜರ್ ಕೂಡ ಹಾಗೆಯೇ. ಸ್ವರ ಹುಟ್ಟಿಸುವ ತುಂಡು ಒಂದು, ಅದನ್ನು ಸೋಸುವುದು ಒಂದು, ತಾಳ ಕೊಡುವುದು ಇನ್ನೊಂದು. ಒಂದೊಂದಕ್ಕೂ ಮಾಡ್ಯೂಲ್ ಎನ್ನುತ್ತಾರೆ. ಬೇಕಾದವರು ಬೇಕಾದ್ದನ್ನು ಕೊಂಡು, ಚೌಕಟ್ಟಿಗೆ ಸಿಕ್ಕಿಸಿ, ವೈರುಗಳಿಂದ ಜೋಡಿಸಿ ತಮ್ಮದೇ ವಾದ್ಯ ಕಟ್ಟಿಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಪ್ರಜಾಪ್ರಭುತ್ವವನ್ನು ನಾನಂತೂ ಕಂಡಿಲ್ಲ. ನಗಬೇಡ.

ನಮ್ಮ ಕಾರ್ಖಾನೆಯೆಂದರೆ ಬೇಕರಿಯ ಮೇಲಿನ ಎರಡು ಕೋಣೆ, ಮೂರು ಜನ. ಮೇಷ್ಟ್ರು ಮೊದಲು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು, ನಕ್ಷೆ ಅವರದು. ಬೆಸುಗೆ ನನ್ನದು. ಬಿಡಿಭಾಗ ಎಣಿಸಿ ಕೊಡುವುದು, ಕೊನೆಗೆ ಪೆಟ್ಟಿಗೆ ಕಟ್ಟುವುದು ಚಿಕ್ಕಮ್ಮ. ಯಾರಿಗೆ ಚಿಕ್ಕಮ್ಮನೋ ಗೊತ್ತಿಲ್ಲ, ಎಲ್ಲರೂ ಹಾಗೇ ಕರೆಯುತ್ತಾರೆ.

ಈ ವರ್ಷ ನಾವು ಹೊರತಂದ ಹೊಸ ಮಾಡ್ಯೂಲಿನ ಹೆಸರು ಜೀರುಂಡೆ. ಅಂಗೈಯಗಲ, ಆರು ಗುಂಡಿ. ಒಂದನ್ನು ತಿರುಗಿಸಿದರೆ ಒಂಟಿ ಹುಳು, ಇನ್ನೊಂದನ್ನು ತಿರುಗಿಸಿದರೆ ಇಡೀ ಕಾಡು. ನಲವತ್ತು ಮಾಡಿದೆವು.

ಪ್ರತಿ ಪೆಟ್ಟಿಗೆಯಲ್ಲೂ ಅದರ ಸರ್ಕ್ಯೂಟಿನ ನಕ್ಷೆ ಇಡೋಣ ಎಂದೆ. ಬಿಚ್ಚಿ ನೋಡಲಾಗದ ಯಂತ್ರದ ಮುಂದೆ ಮನುಷ್ಯ ಬರೀ ಗಿರಾಕಿ. ನಕ್ಷೆ ಕೈಯಲ್ಲಿದ್ದರೆ ಒಡೆಯ. ಇದನ್ನು ಎರಡು ಕರಪತ್ರಗಳಲ್ಲಿ ಓದಿದ್ದೇನೆ, ಮೂರನೆಯದನ್ನು ನಾನೇ ಬರೆದಿದ್ದೇನೆ. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, "ಹೋದ ವರ್ಷ ದೊಡ್ಡ ಕಂಪನಿಯವರು ನಮ್ಮ ಮಾಡ್ಯೂಲನ್ನ ಕದ್ದು ತಮ್ಮ ಹೆಸರಲ್ಲಿ ಬಿಟ್ರು. ಈಗ ಬಾಗಿಲು ತೆಗೆದಿಟ್ಟು ಕಳ್ಳನಿಗೆ ದೀಪಾನೂ ಹಿಡೀಬೇಕಾ?" ಎಂದರು.

"ಬೀಗ ಇದ್ದಾಗಲೇ ಕದ್ರಲ್ಲ ಮೇಷ್ಟ್ರೇ, ಬೀಗದಿಂದ ಆದ ಲಾಭ ಏನು?"

"ಬಾಯಿ ಮುಚ್ಕೊಂಡು ಬೆಸುಗೆ ಹಾಕು."

"ಬೆಸುಗೆ ಹಾಕೋವಾಗ ಬಾಯಿ ಖಾಲಿ ಇರುತ್ತಲ್ಲ!"

ಆಮೇಲೆ ನಾನು ಮಾಡಿದ್ದು ನಿನಗೆ ಇಷ್ಟವಾಗುವುದಿಲ್ಲ. ನಕ್ಷೆಯನ್ನು ನಲವತ್ತು ಪ್ರತಿ ತೆಗೆಸಿ, ಚಿಕ್ಕಮ್ಮ ಊಟಕ್ಕೆ ಎದ್ದ ಹೊತ್ತು ನೋಡಿ ಒಂದೊಂದು ಪೆಟ್ಟಿಗೆಯ ತಳದಲ್ಲೂ ಮಡಿಸಿಟ್ಟೆ.

ಹೊಸ ವಾದ್ಯಗಳ ಪ್ರದರ್ಶನವನ್ನು ನೀನು ನೋಡಬೇಕಿತ್ತು. ಮುಟ್ಟದೆ ಬರೀ ಕೈ ಬೀಸಿದರೆ ಹಾಡುವ ಪೆಟ್ಟಿಗೆ, ಬೆಂಕಿಪೊಟ್ಟಣದಷ್ಟೇ ಇದ್ದು ಗೋಡೆ ನಡುಗಿಸುವ ಡ್ರಮ್, ದೊಡ್ಡ ಕಂಪನಿಯ ಮಿಣಮಿಣ ದೀಪಗಳ ಮಾಡ್ಯೂಲು, ಅದನ್ನು ಮುಟ್ಟಲು ಬಾಗಿಲವರೆಗೆ ಸಾಲು. ಎಲ್ಲರೂ ಒಟ್ಟಿಗೆ ನುಡಿಸುವಾಗ ನೂರು ಬೆಕ್ಕುಗಳ ಜಗಳ. ನಮಗೆ ಸಿಕ್ಕಿದ್ದು ಶೌಚಾಲಯದ ದಾರಿಯ ಮೇಜು. ಒಳ್ಳೆಯದೇ ಆಯಿತು, ಆ ದಾರಿಗೆ ಬರದವರು ಯಾರು? ಸಂಜೆಯ ಹೊತ್ತಿಗೆ ನಲವತ್ತೂ ಖಾಲಿ.

ಮರುವಾರ ದೂರು ಶುರುವಾಯಿತು. ಅರ್ಧ ಗಂಟೆ ನುಡಿಸಿ ಬಿಸಿಯಾದರೆ ಜೀರುಂಡೆಯ ಸ್ವರ ಜಾರುತ್ತದೆ. ನಾವು ಪರೀಕ್ಷೆಗೆಂದು ಐದೈದೇ ನಿಮಿಷ ನುಡಿಸಿದ್ದೆವು, ತಿಳಿದಿರಲಿಲ್ಲ. ಮೇಷ್ಟ್ರು ಮೂರು ದಿನ ತಮ್ಮ ನಕ್ಷೆಯಲ್ಲೇ ತಪ್ಪು ಹುಡುಕಿದರು. "ನನ್ನ ಲೆಕ್ಕ ಕೆಡೋ ಕಾಲ ಬಂತು" ಎಂದರು.

ನಾಲ್ಕನೆಯ ದಿನ ಬಸ್ ಓಡಿಸುವ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದರು. ರಜೆಯಲ್ಲಿ ಮನೆಯಲ್ಲಿ ಕೂತು ಇದನ್ನೇ ನುಡಿಸುವವರಂತೆ. ಒಂದು ಕೈಯಲ್ಲಿ ಬಿಚ್ಚಿದ ಜೀರುಂಡೆ, ಇನ್ನೊಂದರಲ್ಲಿ ನಾನಿಟ್ಟ ಕಾಗದ.

"ಸಾರ್, ಈ ಜಾಗದಲ್ಲಿ ಶಾಖ ತಡೆಯೋ ರೆಸಿಸ್ಟರ್ ಅಂತಿದೆ, ಪಟ್ಟೆ ಬಣ್ಣಾನೂ ಬರೆದಿದೆ. ಒಳಗೆ ನೋಡಿದ್ರೆ ಮಾಮೂಲಿದು ಕೂತಿದೆ. ಬೋರ್ಡಿನಲ್ಲಿ ಒಂದೂರು, ಬಸ್ಸು ಹೋಗೋದು ಇನ್ನೊಂದೂರು. ಯಾವುದನ್ನ ನಂಬ್ಲಿ?"

ಯಂತ್ರ ಬಿಸಿಯಾದಾಗ ಸ್ವರ ಜಾರದಂತೆ ಹಿಡಿದು ನಿಲ್ಲಿಸುವ ತುಂಡು ಅದು. ಎರಡೂ ನೋಡಲು ಅವಳಿಜವಳಿ. ಮೈಮೇಲಿನ ಒಂದು ಪಟ್ಟೆಯ ಬಣ್ಣ ಮಾತ್ರ ಬೇರೆ.

ಮೇಷ್ಟ್ರು ಕಾಗದ ನೋಡಿದರು, ನನ್ನನ್ನು ನೋಡಿದರು. ಕಾಗದ ಇಟ್ಟವರು ಯಾರು ಎಂದರು. ನಾನೇ ಎಂದೆ. ತಪ್ಪು ತುಂಡು ಕೂರಿಸಿದವರು ಯಾರು ಎಂದರು. ಅದೂ ನಾನೇ ಎಂದೆ. ಇನ್ನು ನನಗಿಲ್ಲಿ ಜಾಗವಿಲ್ಲ ಎಂದು ಚೀಲ ಎತ್ತಿಕೊಂಡೆ. ಅವರು ಕುರ್ಚಿಯಲ್ಲಿ ಕುಸಿದು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಕಳ್ಳಿಯೂ ನೀನೇ, ಹಿಡಿದುಕೊಟ್ಟ ಪೊಲೀಸೂ ನೀನೇನಾ!"

ನಲವತ್ತು ಜನರಿಗೂ ಸರಿಯಾದ ತುಂಡನ್ನು ಅಂಚೆಯಲ್ಲಿ ಕಳಿಸಿದೆವು. ನಕ್ಷೆ ಕೈಯಲ್ಲಿದ್ದುದರಿಂದ ಮುಕ್ಕಾಲು ಪಾಲು ಜನ ತಾವೇ ಬದಲಾಯಿಸಿಕೊಂಡರು. ಕೈ ಸುಟ್ಟುಕೊಂಡ ಒಬ್ಬ ಬೊಬ್ಬೆಯ ಫೋಟೋ ಕಳಿಸಿದ, ಪದಕ ಬಂದವನ ಹಾಗೆ. ಇನ್ನೊಬ್ಬಳು, ನನ್ನದು ಜಾರಲಿ ಬಿಡಿ, ಜಾರಿದರೇ ಚೆಂದ ಎಂದು ತುಂಡನ್ನು ವಾಪಸ್ಸು ಕಳಿಸಿದಳು. ಮೊನ್ನೆ ಮೇಷ್ಟ್ರು ಮುಂದಿನ ಮಾಡ್ಯೂಲಿನ ನಕ್ಷೆಯನ್ನು ನನ್ನ ಮೇಜಿನ ಮೇಲಿಟ್ಟು, "ನೀಟಾಗಿ ಬರಿ. ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಮೇಲೆ ಇಡು, ತಳದಲ್ಲಿ ಬೇಡ" ಎಂದರು. ಕದಿಯುವವರು ಕದ್ದರೆ ಎಂದು ಈ ಸಲ ನಾನೇ ಕೇಳಿದೆ. "ಕದೀಲಿ. ನಿನ್ನ ತಪ್ಪು ಸಮೇತ ಕದೀಲಿ."

ಗೆದ್ದೆ ಅಮ್ಮಾ. ಕೆಳಗಿನಿಂದ ಬ್ರೆಡ್ ಬೇಯುವ ವಾಸನೆ ಬರುತ್ತಿದೆ, ಬೆರಳಿಗೆ ಶಾಯಿ ಹತ್ತಿದೆ, ಮನಸ್ಸು ಹಗುರಾಗಿದೆ.

ನಿನ್ನ
ಭಾಷಣಗಾರ್ತಿ

ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು: 'ಅದೂ ನಾನೇ' ಎಂದು ಬರೆದೆನಲ್ಲ, ಆ ಮಾತು ನನ್ನ ಬಾಯಿಂದ ಹೊರಟಿದ್ದು ಮರುದಿನ. ಮೇಷ್ಟ್ರು ನಕ್ಕದ್ದೂ ಮರುದಿನವೇ. ತಪ್ಪು ತುಂಡು ಯಾರದೆಂದು ಅವರು ಕೇಳಿದ ಕೂಡಲೇ ಚಿಕ್ಕಮ್ಮ, "ಎಣಿಸಿ ಕೊಡೋಳು ನಾನು. ಕಣ್ಣು ಮಂಜು, ನಾನೇ ಅದಲುಬದಲು ಮಾಡಿರ್ತೀನಿ" ಎಂದುಬಿಟ್ಟರು. ನಾನು ಸುಮ್ಮನಿದ್ದೆ. ಅವರು ಎಣಿಸಿ ಕೊಟ್ಟ ಸರಿಯಾದ ನಲವತ್ತು ತುಂಡುಗಳು ನನ್ನ ಮೇಜಿನ ಖಾನೆಯಲ್ಲಿ, ನನ್ನ ಕರಪತ್ರಗಳ ಕಟ್ಟಿನ ಕೆಳಗೇ ಇದ್ದವು; ನಾನು ಕೂರಿಸಿದ್ದು ಕೈಗೆ ಸಿಕ್ಕ ಮಾಮೂಲಿ ತುಂಡುಗಳನ್ನು. ಮರುದಿನ ನಾನು ಒಪ್ಪಿಕೊಂಡಾಗ ಚಿಕ್ಕಮ್ಮ ಹೇಳಿದ್ದು ಇಷ್ಟೇ: "ನನ್ನ ಎಣಿಕೆ ತಪ್ಪಲ್ಲ ಕಣೇ. ನೀನು ಯಾವಾಗ ಬಾಯಿ ಬಿಡ್ತೀಯ ಅಂತ ನೋಡ್ತಿದ್ದೆ." ಅಂದಿನಿಂದ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚುವುದು ನಾನೇ. ಅವರು ಬೇಡವೆನ್ನುವುದಿಲ್ಲ, ಓರೆಯಾದರೆ ಕಿತ್ತು ಮತ್ತೆ ಹಚ್ಚಿಸುತ್ತಾರೆ.